ಒಂದೇ ನೋವು, ಎರಡು ಹೆಸರು

ಮಾಯಕೊಂಡದಲ್ಲಿ ರೈಲಿನಿಂದ ಇಳಿದು ಸ್ವಲ್ಪ ದೂರ ನಡೆದರೆ, ನಾನು ತಿಂಗಳಿಗೊಮ್ಮೆ ತಪ್ಪದೆ ಹೋಗುವ ಒಂದು ಮನೆಯಿದೆ. ಮನೆಯ ಯಜಮಾನರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ಅವರಿಗೆ ಪರಮಪ್ರಸಾದ ನೀಡಲೆಂದು ನಾನು ಹೋಗುತ್ತೇನೆ. ಇತಿಹಾಸ ಬಲ್ಲವರಿಗೆ ಮಾಯಕೊಂಡವೆಂದರೆ 1748ರಲ್ಲಿ ಚಿತ್ರದುರ್ಗದ ಮದಕರಿನಾಯಕನು ಮಡಿದ ಯುದ್ಧಭೂಮಿ. (ಹೈದರಾಲಿಗೆ 1779ರಲ್ಲಿ ಸೆರೆಸಿಕ್ಕ ಮದಕರಿ ಬೇರೆ. ಹೆಸರು ಒಂದೇ ಆದುದರಿಂದ ಅನೇಕರು ಇಬ್ಬರನ್ನೂ ಒಬ್ಬನೆಂದೇ ತಿಳಿಯುತ್ತಾರೆ. ಹಿಂದೆ ನಾನೂ ಹಾಗೆಯೇ ತಿಳಿದಿದ್ದೆ.) ನನಗಾದರೋ ಆ ಊರೆಂದೊಡನೆ ನೆನಪಾಗುವುದು ಆ ಮನೆಯ ಅಡುಗೆಕೋಣೆಯ ಕಿಟಕಿ, ಮತ್ತು ಆ ಕಿಟಕಿಯ ಕಟ್ಟೆಯ ಮೇಲೆ ಇರುತ್ತಿದ್ದ ಒಂದು ಸ್ಟೀಲ್ ಡಬ್ಬಿ.

ಆ ಡಬ್ಬಿಯಲ್ಲಿ ಮಾತ್ರೆಗಳಿದ್ದವು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಿಗೆ ನಲವತ್ತು ದಾಟಿದೆ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಕಿರಿಯವಳಿಗೆ ಆಗ ಇಪ್ಪತ್ತಮೂರು. ಪದವಿ ಮುಗಿಸಿ ದಾವಣಗೆರೆಯಲ್ಲಿ ಬಿ.ಎಡ್. ಓದುತ್ತಿದ್ದಳು. ಹಿರಿಯವಳಿಗೆ ಕೆಲವು ವರ್ಷಗಳಿಂದ ಕೈಬೆರಳುಗಳ ಗಿಣ್ಣುಗಳಲ್ಲಿ ನೋವು, ಊತ. ಅವಳದು ರುಮಟಾಯ್ಡ್ ಸಂಧಿವಾತವೆಂದು ವೈದ್ಯರು ಆಗಲೇ ಹೇಳಿದ್ದರು. ಮೂರು ವರ್ಷಗಳ ಹಿಂದೆ ಒಂದು ದಿನ, ನನಗೆ ಕಾಫಿ ತಂದುಕೊಟ್ಟ ಕಿರಿಯವಳು ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದಿದ್ದಳು. ಬೆರಳು ಮಡಚಲು ಆಗುತ್ತಿರಲಿಲ್ಲ.

"ಇವಳಿಗೂ ಅಕ್ಕಂದೇ ಬಂತು ನೋಡ್ರಿ ಫಾದರ್" ಎಂದರು ತಾಯಿ. "ಅಕ್ಕನ ಮಾತ್ರೆ ಕೊಟ್ಟರೆ ಕಡಿಮೆ ಆಗ್ತದೆ. ಅದನ್ನೇ ಕೊಡ್ತಿದೀನಿ."

ಪ್ರಿಯ ಓದುಗರೇ, ಆಗ ನಾನು ಹೇಳಿದ್ದೇನೆಂಬುದನ್ನು ಮುಚ್ಚಿಡದೆ ಬರೆಯಬೇಕು. "ಒಂದೇ ರಕ್ತವಲ್ಲವೇ ಅಮ್ಮ, ಒಂದೇ ಕಾಯಿಲೆ ಬರುವುದು ಸಹಜ" ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ತಿಂಗಳು ಬರುವಾಗ ದಾವಣಗೆರೆಯ ಔಷಧದ ಅಂಗಡಿಯಿಂದ ಆ ಮಾತ್ರೆಗಳ ಎರಡು ಪಟ್ಟಿಗಳನ್ನು ನಾನೇ ಹೆಚ್ಚಿಗೆ ಕೊಂಡು ತಂದೆ. ಒಂದು ನೋವಿನ ಮಾತ್ರೆ, ಇನ್ನೊಂದು ಚಿಕ್ಕ ಬಿಳಿಯ ಸ್ಟೀರಾಯ್ಡ್ ಮಾತ್ರೆ. ಉಪಕಾರ ಮಾಡಿದೆನೆಂಬ ತೃಪ್ತಿಯಿಂದ ಅಂದು ಮನೆಗೆ ಮರಳಿದೆ.

ನನ್ನ ಆ ಧೈರ್ಯಕ್ಕೆ ಒಂದು ಹಿನ್ನೆಲೆಯಿತ್ತು. 2006ರಲ್ಲಿ ನಮ್ಮ ನಾಡಿನ ಮೇಲೆ ಚಿಕೂನ್‌ಗುನ್ಯಾ ಎರಗಿದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದ ವರ್ಷವದು. ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಮನೆಗೆ ಮನೆಯೇ ಮಲಗಿತ್ತು. ಹೆಸರನ್ನು ಕೇಳಿ ಕೋಳಿಯಿಂದ ಬರುವ ರೋಗವೆಂದು ಬಗೆದು ಕೋಳಿಮಾಂಸ ಬಿಟ್ಟವರೂ ಇದ್ದರು. ವಾಸ್ತವದಲ್ಲಿ ಆ ಹೆಸರು ಆಫ್ರಿಕದ ತಾಂಜಾನಿಯಾ ಸೀಮೆಯ ಮಾಕೊಂಡೆ ಭಾಷೆಯದು, ಮೈ ಬಾಗಿಸುವಂಥದು ಎಂಬ ಅರ್ಥದ್ದು. ರೋಗವನ್ನು ಹರಡುವುದು ಸೊಳ್ಳೆ. ಆಗಿನ್ನೂ ಕಿರಿಯ ಗುರುವಾಗಿದ್ದ ನಾನು, ಜ್ವರ ಬಿಟ್ಟು ತಿಂಗಳುಗಳು ಕಳೆದರೂ ಗೋಡೆ ಹಿಡಿದು ನಡೆಯುತ್ತಿದ್ದವರನ್ನು ಕಂಡಿದ್ದೆ. ಕೆಲವರಿಗೆ ಅದು ವರ್ಷಗಟ್ಟಲೆ ಉಳಿದು, ರುಮಟಾಯ್ಡ್ ಸಂಧಿವಾತದಂತೆಯೇ ತೋರುತ್ತಿತ್ತು. ಅಂದು ಅಷ್ಟೊಂದು ಕೀಲುಗಳನ್ನು ನೋಡಿದ್ದೆನಾದ ಕಾರಣ, ಕೀಲುನೋವೆಂದರೆ ನನಗೆ ತಿಳಿಯದ್ದೇನಿದೆ ಎಂಬ ಭಾವನೆ ನನ್ನಲ್ಲಿ ಬೇರೂರಿತ್ತು.

ಸ್ಟೀರಾಯ್ಡ್ ಮಾತ್ರೆಯಿಂದ ಹುಡುಗಿಗೆ ಹಾಯೆನಿಸಿದ್ದು ನಿಜ. ನಮ್ಮನ್ನು ದಾರಿತಪ್ಪಿಸಿದ್ದೂ ಅದೇ. ಅಕ್ಕನ ಔಷಧದಿಂದ ತಂಗಿಗೆ ಗುಣವಾದರೆ ಅದು ಅಕ್ಕನ ಕಾಯಿಲೆಯೇ ಅಲ್ಲವೇ ಎಂಬುದು ನಮ್ಮೆಲ್ಲರ ತರ್ಕ. ಗುರುಮಠದಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿದವನು ನಾನು! ಒಂದು ವಸ್ತುವನ್ನು ಹೇಳಬೇಕಾದರೆ ಅದು ಯಾವ ಜಾತಿಗೆ ಸೇರಿದ್ದು ಎಂದು ಹೇಳಿದರೆ ಸಾಲದು, ಆ ಜಾತಿಯ ಇತರ ವಸ್ತುಗಳಿಂದ ಅದನ್ನು ಬೇರ್ಪಡಿಸುವ ಗುಣ ಯಾವುದೆಂದೂ ಹೇಳಬೇಕು ಎಂದು ಅರಿಸ್ಟಾಟಲನನ್ನು ಬೋಧಿಸುತ್ತಿದ್ದ ನಮ್ಮ ವೃದ್ಧ ಪ್ರಾಧ್ಯಾಪಕರು ಬೆತ್ತದಿಂದ ಮೇಜು ಕುಟ್ಟಿ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದೆ. ಮಾಯಕೊಂಡದ ಅಡುಗೆಕೋಣೆಯಲ್ಲಿ ಅದು ನೆನಪಾಗಲಿಲ್ಲ.

ಆ ಬೇರ್ಪಡಿಸುವ ಗುಣಗಳೋ ನಮ್ಮ ಕಣ್ಣೆದುರಿಗೇ ಇದ್ದವು. ಹುಡುಗಿಯ ಎರಡೂ ಕೆನ್ನೆಗಳ ಮೇಲೆ, ಮೂಗಿನ ದಿಂಡನ್ನು ದಾಟಿ ಒಂದು ಕಲೆ ಹಬ್ಬಿತ್ತು. ಮೆಕ್ಕೆಜೋಳದ ತೆನೆ ಒಣಗಿಸುವಾಗ ಕಣದಲ್ಲಿ ಬಿಸಿಲಿಗೆ ನಿಂತದ್ದರಿಂದ ಬಂಗು ಎದ್ದಿದೆ ಎಂದರು. ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ಬೋರ್‌ವೆಲ್ ನೀರಿನ ಗುಣ ಎಂದರು. ಬಾಯಿಯೊಳಗೆ ಹುಣ್ಣು, ಉಷ್ಣ ಎಂದು ಮಜ್ಜಿಗೆ ಕುಡಿಸಿದರು. ಸಂಜೆಗೆ ಸಣ್ಣ ಜ್ವರ. ಓಡಾಟದ ಆಯಾಸ ಎಂದರು. ಪ್ರತಿಯೊಂದಕ್ಕೂ ಒಂದು ಕಾರಣ ಸಿದ್ಧವಾಗಿತ್ತು, ಎಲ್ಲವೂ ಒಪ್ಪುವಂಥದೇ. ಅವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಆ ಸೆಪ್ಟೆಂಬರ್ 8ರಂದು ಮಗಳನ್ನು ಕರೆದುಕೊಂಡು ತಾಯಿ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋದರು. ಹೋಗಿಬನ್ನಿ ಎಂದವನೂ ನಾನೇ. ಜನಜಂಗುಳಿಯಲ್ಲಿ ಬಹಳ ಹೊತ್ತು ಬಿಸಿಲಿಗೆ ನಿಂತ ಹುಡುಗಿಗೆ ಮುಖ ಉರಿದು, ಜ್ವರವೇರಿ, ನೆರಳಿಗೆ ಕರೆತಂದು ಕೂರಿಸಬೇಕಾಯಿತು. ಅಲ್ಲಿ ಯಾತ್ರಿಕರಾಗಿ ಬಂದಿದ್ದ ದಾದಿವೃತ್ತಿಯ ಸಿಸ್ಟರ್ ಒಬ್ಬರು ಅವಳ ಕಾಲಿನ ಚಪ್ಪಲಿ ಬಿಚ್ಚಿ, ಪಾದದ ಮೇಲೆ ಹೆಬ್ಬೆರಳೊತ್ತಿ ನೋಡಿದರು. ಒತ್ತಿದ ಗುಳಿ ಹಾಗೆಯೇ ಉಳಿಯಿತು. ಅವರು ಕೀಲಿನ ಬಗ್ಗೆ ಏನೂ ಕೇಳಲಿಲ್ಲ. "ಮೂತ್ರ ನೊರೆನೊರೆಯಾಗಿ ಹೋಗುತ್ತದೆಯೇನಮ್ಮಾ?" ಎಂದು ಕೇಳಿದರು. ಹೌದೆಂದಳು ಹುಡುಗಿ. ಎಷ್ಟು ದಿನದಿಂದ ಎಂದರೆ, ಎರಡು ತಿಂಗಳಿಂದ. ಯಾರೂ ಕೇಳಿರಲಿಲ್ಲವಾದ್ದರಿಂದ ಹೇಳಿರಲಿಲ್ಲ.

ಮರುದಿನವೇ ದಾವಣಗೆರೆಯಲ್ಲಿ ಪರೀಕ್ಷೆ; ಮೂತ್ರದಲ್ಲಿ ಪ್ರೋಟೀನು ಸೋರಿಹೋಗುತ್ತಿತ್ತು. ಅಲ್ಲಿಂದ ಬೆಂಗಳೂರು, ಮೂತ್ರಪಿಂಡದ ಬಯಾಪ್ಸಿ. ಕಾಯಿಲೆಯ ಹೆಸರು ಲೂಪಸ್. ನಾನು ಪಟ್ಟಿಪಟ್ಟಿಯಾಗಿ ತಂದುಕೊಟ್ಟಿದ್ದ ನೋವಿನ ಮಾತ್ರೆಯು, ಮೊದಲೇ ಜಖಂಗೊಂಡಿದ್ದ ಮೂತ್ರಪಿಂಡಕ್ಕೆ ಇನ್ನಷ್ಟು ಕೇಡು ಮಾಡಬಲ್ಲಂಥದು ಎಂದು ವೈದ್ಯರು ನನ್ನನ್ನು ಯಾರೆಂದರಿಯದೆ ನನ್ನೆದುರಿಗೇ ಹೇಳಿದರು. ಬಿಳಿಯ ಮಾತ್ರೆಯು ರೋಗವನ್ನು ಅರ್ಧ ಅಡಗಿಸಿ, ಗುರುತು ಹಿಡಿಯುವುದನ್ನು ತಡಮಾಡಿತ್ತು.

ಆಮೇಲೆ ನಾನು ವಿಚಾರಿಸಿ, ಓದಿ ತಿಳಿದುಕೊಂಡಿದ್ದನ್ನು ನಿಮ್ಮ ಮುಂದಿಡುತ್ತೇನೆ. ನಾನು ವೈದ್ಯನಲ್ಲ, ಇದನ್ನೋದಿ ನೀವು ಯಾರಿಗೂ ಕಾಯಿಲೆಯ ಹೆಸರಿಡಬೇಕೆಂದಲ್ಲ. ವೈದ್ಯರೆದುರು ಏನನ್ನು ಹೇಳಬೇಕೆಂಬುದು ತಿಳಿದಿರಲಿ ಎಂದಷ್ಟೇ.

ನಮ್ಮ ದೇಹದ ರೋಗನಿರೋಧಕ ಶಕ್ತಿ ಊರಕಾವಲಿನವನಿದ್ದಂತೆ. ಹೊರಗಿನಿಂದ ಬಂದ ಕ್ರಿಮಿಯನ್ನು ತಡೆಯಬೇಕಾದ ಅವನು, ಮನೆಯವರನ್ನೇ ಕಳ್ಳರೆಂದು ಭ್ರಮಿಸಿ ಹೊಡೆಯತೊಡಗಿದರೆ ಅದು ಆಟೋಇಮ್ಯೂನ್ ಕಾಯಿಲೆ. ಯಾರ ಮೇಲೆ ಕೈಮಾಡುತ್ತಾನೆಂಬುದರ ಮೇಲೆ ಕಾಯಿಲೆಯ ಹೆಸರು. ರುಮಟಾಯ್ಡ್ ಸಂಧಿವಾತದಲ್ಲಿ ಏಟು ಮುಖ್ಯವಾಗಿ ಬೀಳುವುದು ಕೀಲಿನ ಒಳಪೊರೆಗೆ. ಲೂಪಸ್‌ನಲ್ಲಿ ಚರ್ಮ, ಮೂತ್ರಪಿಂಡ, ರಕ್ತಕಣ, ಹೃದಯ ಶ್ವಾಸಕೋಶಗಳ ಹೊದಿಕೆ, ಮಿದುಳು ಯಾವುದಕ್ಕೂ ಬೀಳಬಹುದು, ಕೀಲು ಅವುಗಳಲ್ಲಿ ಒಂದು ಮಾತ್ರ. ಒಂದೇ ಕುಟುಂಬದಲ್ಲಿ ಇಂತಹ ಕಾಯಿಲೆಗಳ ಒಲವು ಹರಿದುಬರುತ್ತದೆಂಬುದು ನಿಜ. ಬರುವುದು ಒಲವು, ಅಕ್ಕನಲ್ಲಿ ಅದು ಒಂದು ಕಾಯಿಲೆಯಾಗಿಯೂ ತಂಗಿಯಲ್ಲಿ ಇನ್ನೊಂದಾಗಿಯೂ ಕಾಣಿಸಿಕೊಳ್ಳಬಹುದು. ಒಂದೇ ರಕ್ತವೆಂಬ ನನ್ನ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅರ್ಧ ಸತ್ಯದ ಅಪಾಯವೂ ಇತ್ತು.

ಅಕ್ಕತಂಗಿಯರ ಕೈಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಹೊರಗಣ್ಣಿಗೆ ವ್ಯತ್ಯಾಸ ಕಾಣದು. ಇಬ್ಬರಿಗೂ ಎರಡೂ ಕೈಗಳಲ್ಲಿ ಸಮನಾಗಿ ನೋವು, ಇಬ್ಬರಿಗೂ ಮಣಿಕಟ್ಟು ಮತ್ತು ಬೆರಳಿನ ಬುಡದ, ನಡುವಿನ ಗಿಣ್ಣುಗಳಲ್ಲಿ. ತುದಿಯ ಗಿಣ್ಣು ಸಾಮಾನ್ಯವಾಗಿ ಪಾರು. ಇಬ್ಬರಿಗೂ ಬೆಳಗ್ಗೆ ಎದ್ದಾಗ ಕೈ ಪೆಡಸು. ಅಕ್ಕನಿಗೆ ಆ ಪೆಡಸು ಒಂದು ಗಂಟೆಗೂ ಮೀರಿ ಇರುತ್ತಿತ್ತು. ರೊಟ್ಟಿಯ ಹಿಟ್ಟು ನಾದಲು ಎಂಟು ಗಂಟೆಯವರೆಗೆ ಕಾಯುತ್ತಿದ್ದಳು. ಎಕ್ಸ್‌ರೇಯಲ್ಲಿ ಅಕ್ಕನ ಮೂಳೆಯ ಅಂಚು ಇಲಿ ಕಡಿದ ಹಾಗೆ ಸವೆದಿತ್ತು. ತಂಗಿಯ ಮೂಳೆ ಸ್ವಚ್ಛವಾಗಿತ್ತು. ಲೂಪಸ್ ಕೀಲನ್ನು ನೋಯಿಸುತ್ತದೆ, ಊದಿಸುತ್ತದೆ. ಆದರೆ ಸಾಮಾನ್ಯವಾಗಿ ಮೂಳೆಯನ್ನು ಕೊರೆಯುವುದಿಲ್ಲ. ಅದು ಕೊರೆಯುವುದು ಬೇರೆ ಕಡೆ, ಸದ್ದಿಲ್ಲದೆ. ಮುಖದ ಕಲೆಯೂ ಅಷ್ಟೇ: ಬಂಗು ಕಂದುಬಣ್ಣದ್ದು, ಮಟ್ಟವಾಗಿರುತ್ತದೆ, ಲೂಪಸ್‌ನ ಕಲೆ ಕೆಂಪಡರಿ ಸ್ವಲ್ಪ ಉಬ್ಬಿರುತ್ತದೆ, ಬಿಸಿಲಿಗೆ ಕೆರಳುತ್ತದೆ, ಮೂಗಿನ ಪಕ್ಕದ ಮಡಿಕೆಯನ್ನು ಬಿಟ್ಟಿರುತ್ತದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಸುಲಭವಾಗಿ ಕಾಣದೆಂಬುದು ಇನ್ನೊಂದು ತೊಡಕು. ಲೂಪಸ್ ತಗಲುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಹರೆಯದವರೇ ಹೆಚ್ಚು.

ರಕ್ತಪರೀಕ್ಷೆಯೊಂದರಿಂದಲೇ ಎಲ್ಲವೂ ಇತ್ಯರ್ಥವಾಗುತ್ತದೆಂದು ನಂಬಿದವರಿಗೆ ಒಂದು ಮಾತು. "ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಬಂದಿದೆ ಫಾದರ್, ಇನ್ನು ನನ್ನ ಕೈಕಾಲು ಸೊಟ್ಟಗಾಗುತ್ತವೆ" ಎಂದು ಅಳುತ್ತಾ ಬಂದವರನ್ನು ನಾನು ನೋಡಿದ್ದೇನೆ. ಆ ಅಂಶ ಆರೋಗ್ಯವಂತರಲ್ಲಿಯೂ, ವಯಸ್ಸಾದವರಲ್ಲಿ ಇನ್ನೂ ಹೆಚ್ಚಾಗಿಯೂ ಕಂಡುಬರುತ್ತದೆ. ರುಮಟಾಯ್ಡ್ ಇರುವ ಹತ್ತರಲ್ಲಿ ಇಬ್ಬರು ಮೂವರಲ್ಲಿ ಕಾಣುವುದೇ ಇಲ್ಲ. ಆಂಟಿ ಸಿಸಿಪಿ ಎಂಬ ಪರೀಕ್ಷೆ ಇದಕ್ಕಿಂತ ಖಚಿತ. ಹಾಗೆಯೇ ಲೂಪಸ್‌ಗೆ ಎ.ಎನ್.ಎ. ಎಂಬ ಪರೀಕ್ಷೆ ಹೆಚ್ಚುಕಡಿಮೆ ಎಲ್ಲ ರೋಗಿಗಳಲ್ಲೂ ಪಾಸಿಟಿವ್ ಇರುತ್ತದೆ, ಆದರೆ ಪಾಸಿಟಿವ್ ಇದ್ದವರಿಗೆಲ್ಲ ಲೂಪಸ್ ಇರುವುದಿಲ್ಲ. ಅದಕ್ಕಾಗಿಯೇ ಡಿಎಸ್‌ಡಿಎನ್‌ಎ ವಿರುದ್ಧದ ಪ್ರತಿಕಾಯ ಮುಂತಾದ ಮುಂದಿನ ಪರೀಕ್ಷೆಗಳು. ಇವೆಲ್ಲಕ್ಕಿಂತ ಅಗ್ಗವಾದದ್ದು ಮೂತ್ರಪರೀಕ್ಷೆ. ನಮ್ಮ ಹುಡುಗಿಯ ವಿಷಯದಲ್ಲಿ ಮೊದಲು ಬಾಯಿಬಿಟ್ಟದ್ದು ಅದೇ.

ಈ ಕುಟುಂಬಕ್ಕೆ ಸೇರಿದ ಇನ್ನೂ ಕೆಲವರಿದ್ದಾರೆ. ಹರೆಯದ ಹುಡುಗನೊಬ್ಬ ರಾತ್ರಿಯ ಎರಡನೇ ಜಾವದಲ್ಲಿ ಸೊಂಟನೋವಿನಿಂದ ಎಚ್ಚೆತ್ತು, ಮಲಗಿದರೆ ಹೆಚ್ಚು ನೋವೆಂದೂ ಓಡಾಡಿದರೆ ಹಗುರವೆಂದೂ ಹೇಳಿದರೆ, ಭಾರ ಎತ್ತಿದ ಉಳುಕೆಂದು ತಳ್ಳಿಹಾಕಬೇಡಿ. ಅದು ಬೆನ್ನುಹುರಿಯ ಮಣಿಗಳನ್ನೇ ಬೆಸೆಯಬಲ್ಲ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಆಗಿರಬಹುದು, ಆಗಾಗ ಕೆಂಪಾಗಿ ನೋಯುವ ಕಣ್ಣು ಅದರದೇ ಸುಳಿವಿರಬಹುದು. ಬೆರಳ ತುದಿಯ ಗಿಣ್ಣು ಊದಿ, ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಿದ್ದರೆ, ತಲೆಯ ಹೊಟ್ಟೆಂದು ನಾವು ಉದಾಸೀನ ಮಾಡಿದ ಸೋರಿಯಾಸಿಸ್ಸನ್ನು ವೈದ್ಯರು ಹುಡುಕುತ್ತಾರೆ. ಕೀಲುನೋವಿನ ಜೊತೆಗೆ ಕಣ್ಣಲ್ಲಿ ಮರಳು ಬಿದ್ದಂತಾಗಿ, ನೀರಿಲ್ಲದೆ ರೊಟ್ಟಿಯ ತುತ್ತು ಇಳಿಯದಿದ್ದರೆ ಅದು ಶೋಗ್ರೆನ್ ಇರಬಹುದು. ಮಕ್ಕಳ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು: ಗಂಟಲುನೋವು ಬಂದು ಎರಡು ಮೂರು ವಾರಗಳ ಮೇಲೆ ಇಂದು ಮಂಡಿ, ನಾಳೆ ಮೊಣಕೈ ಎಂದು ನೋವು ಅಲೆದಾಡಿದರೆ ಅದು ರುಮ್ಯಾಟಿಕ್ ಜ್ವರ. ರುಮಟಾಯ್ಡ್ ಬೇರೆ, ರುಮ್ಯಾಟಿಕ್ ಬೇರೆ. ಈ ಎರಡನೆಯದು ಕೀಲನ್ನು ಬಿಟ್ಟುಹೋಗಿ ಹೃದಯದ ಕವಾಟವನ್ನು ಹಿಡಿಯುತ್ತದೆ.

ಕೀಲುನೋವೆಲ್ಲ ಆಟೋಇಮ್ಯೂನ್ ಅಲ್ಲವೆಂಬುದನ್ನೂ ಸೇರಿಸಬೇಕು. ನನ್ನ ಮಂಡಿಗಳು ಬೆಳಗ್ಗೆ ಹತ್ತು ನಿಮಿಷ ಮುನಿಸಿಕೊಂಡು, ಸಂಜೆಗೆ ನಡೆದಷ್ಟೂ ನೋಯುತ್ತವೆ. ಅದು ವಯಸ್ಸಿನ ಸವೆತ. ಜಗಳೂರು ಕಡೆಯ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿದು ಬೆನ್ನು, ಮಂಡಿ ಬಿಗಿದವರದು ಇನ್ನೊಂದು ಕಥೆ. ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಬೆಳಕಿಗೆ ಬಂದ ಕಾಯಿಲೆಯನ್ನು ನೆನೆಯಿರಿ. ಸೊಂಟ ಮಂಡಿಗಳ ನೋವಿನಿಂದ ಬಡ ಕೂಲಿಕಾರರು ತೆವಳತೊಡಗಿದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದುದರಿಂದ ಬಂತೆಂದು ಮೊದಲು ಶಂಕಿಸಿದರು. ವರ್ಷಗಳ ಅಧ್ಯಯನದ ಮೇಲೆ ಅದು ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿ ರೋಗವೆಂದು ಗುರುತಿಸಲಾಯಿತು. ನರಳುವವನಿಗೆ ನೋವು ಒಂದೇ. ಮದ್ದು ಮಾತ್ರ ಪ್ರತಿಯೊಂದಕ್ಕೂ ಬೇರೆ.

ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ 1948ರಲ್ಲಿ ಎರಡು ಘಟನೆಗಳು ನಡೆದವು. ಹಾರ್‌ಗ್ರೇವ್ಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲೂಪಸ್ಸನ್ನು ಗುರುತಿಸಲು ನೆರವಾಗುವ ಒಂದು ವಿಚಿತ್ರ ಕಣದ ವಿಷಯವನ್ನು ಪ್ರಕಟಿಸಿದರು. ಅದೇ ವರ್ಷ ಅಲ್ಲಿಯೇ ಹೆಂಚ್ ಎಂಬವರು ರುಮಟಾಯ್ಡ್ ರೋಗಿಯೊಬ್ಬರಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಕೊಟ್ಟರು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಹುಮಾನವೂ ಬಂತು. ರೋಗಗಳನ್ನು ಬೇರ್ಪಡಿಸಿ ತೋರುವ ಕಣ್ಣೊಂದು, ಎಲ್ಲ ರೋಗಗಳ ಊತವನ್ನೂ ಸಮನಾಗಿ ತಗ್ಗಿಸಿ ಭೇದವನ್ನೇ ಮರೆಸಬಲ್ಲ ಮದ್ದೊಂದು, ಒಂದೇ ಮನೆಯಲ್ಲಿ ಹುಟ್ಟಿದವು. ಆ ಮದ್ದು ಪ್ರಾಣ ಉಳಿಸುವಂಥದೇ; ನಮ್ಮ ಹುಡುಗಿಗೂ ವೈದ್ಯರು ಅದನ್ನೇ ಕೊಟ್ಟರು, ಆದರೆ ಅಳತೆ, ಅವಧಿ ಅವರದು. ಸಂತೆಯಲ್ಲಿ ಮಾರುವ ಹೆಸರಿಲ್ಲದ ವಾತದ ಪುಡಿಗಳಲ್ಲಿಯೂ ಅದು ಬೆರೆತಿರುವುದುಂಟು. ಹಾಗೆ ಬಹುಕಾಲ ನುಂಗಿದವರು ಭಯಬಿದ್ದು ಒಮ್ಮೆಗೇ ನಿಲ್ಲಿಸಿದರೂ ಅಪಾಯವೇ. ವೈದ್ಯರ ಮೂಲಕವೇ ಇಳಿಸಿಕೊಳ್ಳಬೇಕು.

ಹೆಸರು ತಿಳಿದ ಮೇಲೆ ಇನ್ನೊಂದು ಸಂಕಟ ಎದುರಾಯಿತು. ಬೆಂಗಳೂರಿನಿಂದ ಮರಳಿದ ವಾರ ತಾಯಿ ನನ್ನನ್ನು ಹಿತ್ತಿಲಿಗೆ ಕರೆದು ಮೆಲ್ಲನೆ ಹೇಳಿದರು: "ಫಾದರ್, ಸಂಧಿವಾತ ಅಂತಲೇ ಇರಲಿ. ಆ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದರೆ ಏನೇನೋ ತಿಳಕೊಳ್ತಾರೆ. ನಾಳೆ ಇವಳ ಮದುವೆ ಆಗಬೇಕಲ್ರೀ." ಹುಡುಗಿಗೂ ಪೂರ್ತಿ ಹೇಳಿರಲಿಲ್ಲ, ಅಕ್ಕಂದೇ, ಸ್ವಲ್ಪ ಜೋರಾಗಿದೆ ಎಂದಿದ್ದರು.

ನನಗೆ ಆಗ ಫ್ಲ್ಯಾನರಿ ಓಕಾನರ್ ನೆನಪಾದಳು. ಗುರುಮಠದ ಗ್ರಂಥಾಲಯದಲ್ಲಿ ಅವಳ ಕಥೆಗಳನ್ನು ಓದಿದ್ದೆ. ಅಮೆರಿಕದ ಜಾರ್ಜಿಯಾ ಪ್ರಾಂತದ ಆ ಕಥೋಲಿಕ ಲೇಖಕಿ 1950ರ ಕ್ರಿಸ್ಮಸ್ ಹೊತ್ತಿಗೆ ಊರಿಗೆ ಬರುವಾಗ ರೈಲಿನಲ್ಲಿಯೇ ತೀವ್ರವಾಗಿ ಅಸ್ವಸ್ಥಳಾದಳು. ಮೊದಲು ಹೇಳಿದ್ದು ಸಂಧಿವಾತವೆಂದು. ವಾಸ್ತವದಲ್ಲಿ ಅದು ಲೂಪಸ್; 1941ರಲ್ಲಿ ಅವಳ ತಂದೆಯನ್ನು ಕೊಂದದ್ದೂ ಅದೇ. ಆ ಹೆಸರು ಕೇಳಿದರೆ ಮಗಳು ಎದೆಗುಂದುತ್ತಾಳೆಂದು ತಾಯಿ ಅದನ್ನು ಮುಚ್ಚಿಟ್ಟರು. 1952ರ ಬೇಸಿಗೆಯಲ್ಲಿ ಗೆಳತಿಯೊಬ್ಬಳು ಹೇಳಿಬಿಟ್ಟಾಗಲೇ ಅವಳಿಗೆ ತಿಳಿದದ್ದು. ಆಮೇಲೆ ಹನ್ನೆರಡು ವರ್ಷ ಅವಳು ತನ್ನ ನವಿಲುಗಳನ್ನು ಸಾಕಿಕೊಂಡು, ಊರುಗೋಲಿನ ಮೇಲೆ ನಡೆಯುತ್ತಾ, ಪ್ರತಿ ಬೆಳಗ್ಗೆ ಕುಳಿತು ಬರೆದಳು. 1958ರಲ್ಲಿ ಲೂರ್ದಿಗೂ ಹೋಗಿಬಂದಳು. 1964ರ ಆಗಸ್ಟ್ 3ರಂದು ತೀರಿಕೊಂಡಾಗ ಅವಳಿಗೆ 39 ವರ್ಷ. ತಾಯಿಯದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಆ ಒಂದೂವರೆ ವರ್ಷ ಅವಳು ತನ್ನ ಶರೀರದ ಬಗ್ಗೆ ಸುಳ್ಳನ್ನು ನಂಬಿ ಬದುಕಿದಳು. ಮಾಯಕೊಂಡದ ತಾಯಿಗೆ ನಾನು ಈ ಕಥೆಯನ್ನು ಹೇಳಿದೆ. 39ನೆಯ ವಯಸ್ಸನ್ನು ಮಾತ್ರ ಹೇಳಲಿಲ್ಲ. ಅಂದಿನ ಮದ್ದುಗಳು ಬೇರೆ, ಇಂದಿನವು ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನೂ ಆ ತಾಯಿಯಂತೆಯೇ ಮಾಡಿದೆನೋ ಏನೋ.

ಮುಚ್ಚಿಡಬಾರದೆಂಬುದಕ್ಕೆ ಒಂದು ಕಠಿಣ ಕಾರಣವೂ ಇತ್ತು. ಮೂತ್ರಪಿಂಡಕ್ಕೆಂದು ಅವಳು ನುಂಗುವ ಮಾತ್ರೆ, ಅಕ್ಕ ನುಂಗುವ ಮೆಥೋಟ್ರೆಕ್ಸೇಟ್ ಎರಡೂ ಗರ್ಭಸ್ಥ ಶಿಶುವಿಗೆ ಹಾನಿಕರ. ರೋಗ ತಿಂಗಳುಗಟ್ಟಲೆ ತಣ್ಣಗಿದ್ದು, ಮದ್ದನ್ನು ಮೊದಲೇ ಬದಲಿಸಿಕೊಂಡರೆ ಲೂಪಸ್ ಇರುವವರೂ ತಾಯಿಯಾಗಬಲ್ಲರು. ಗಂಡನಾಗುವವನಿಗೆ ತಿಳಿಯದಂತೆ ಇದನ್ನು ನಡೆಸುವುದು ಹೇಗೆ? ವಿವಾಹಪೂರ್ವ ವಿಚಾರಣೆಗೆಂದು ವಧೂವರರು ನನ್ನೆದುರು ಕುಳಿತಾಗ, ತಿಳಿದೂ ನಾನು ಸುಮ್ಮನಿರುವುದು ಹೇಗೆ?

ಹುಡುಗಿಗೆ ಹೇಳಿದ್ದು ಅಕ್ಕನೇ, ಒಂದು ರಾತ್ರಿ, ತಲೆ ಬಾಚುತ್ತಾ. ಅವಳು ಅತ್ತಳಂತೆ, ಆಮೇಲೆ, "ಹಾಗಾದರೆ ನನ್ನ ಕೈ ನಿನ್ನದರ ಹಾಗೆ ಸೊಟ್ಟಗಾಗುವುದಿಲ್ಲವೇ?" ಎಂದು ಕೇಳಿದಳಂತೆ. ಅವಳು ಬಹುಕಾಲದಿಂದ ಹೆದರುತ್ತಿದ್ದುದು ಅದೊಂದಕ್ಕೇ.

ಈಗ ಕಿಟಕಿಯ ಕಟ್ಟೆಯ ಮೇಲೆ ಎರಡು ಡಬ್ಬಿಗಳಿವೆ. ಅಕ್ಕನದರ ಮುಚ್ಚಳದ ಮೇಲೆ 'ಭಾನುವಾರ ಮಾತ್ರ' ಎಂದು ತಂಗಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ. ಮೆಥೋಟ್ರೆಕ್ಸೇಟನ್ನು ವಾರಕ್ಕೊಮ್ಮೆ ನುಂಗಬೇಕು, ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ತಮಾಷೆಯೆಂದರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆ ಇಬ್ಬರ ಡಬ್ಬಿಯಲ್ಲೂ ಇದೆ, ಎರಡೂ ಕಾಯಿಲೆಗಳಿಗೆ ಅದು ಸಲ್ಲುತ್ತದೆ. ಅದಕ್ಕಾಗಿ ಇಬ್ಬರೂ ವರ್ಷಕ್ಕೊಮ್ಮೆ ಒಟ್ಟಿಗೆ ದಾವಣಗೆರೆಗೆ ಹೋಗಿ ಕಣ್ಣು ತೋರಿಸಿಕೊಂಡು ಬರುತ್ತಾರೆ. ತಂಗಿಯ ಮೂತ್ರದ ಪ್ರೋಟೀನು ಬಹುಮಟ್ಟಿಗೆ ಇಳಿದಿದೆ, ಪೂರ್ತಿ ನಿಂತಿಲ್ಲ. ಕೊಡೆಯಿಲ್ಲದೆ ಅವಳು ಅಂಗಳಕ್ಕಿಳಿಯುವುದಿಲ್ಲ.

ಕಳೆದ ತಿಂಗಳು ಹರಿಹರದ ಕಡೆಯಿಂದ ಅವಳನ್ನು ನೋಡಲು ಬಂದಿದ್ದರು. ನಾನೂ ಅಲ್ಲಿದ್ದೆ. ಹುಡುಗನ ತಾಯಿ ಮಂಡಕ್ಕಿಯ ತಟ್ಟೆ ಕೆಳಗಿಟ್ಟು, "ಕೈ ನೋವು ಅಂತ ಕೇಳಿದ್ವಿ, ಅಕ್ಕಂದೇ ಏನಮ್ಮಾ?" ಎಂದರು. ಮಾಯಕೊಂಡದ ತಾಯಿ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ, "ಅಲ್ಲ ಅಮ್ಮಾ, ಅಕ್ಕನದು ಬೇರೆ, ನನ್ನದು ಬೇರೆ" ಎಂದು ಹೆಸರು ಹೇಳಿ, ಮೂತ್ರಪಿಂಡದ ಮಾತನ್ನೂ ಬಿಡದೆ, ಮೇಷ್ಟರು ಪಾಠ ಹೇಳುವಂತೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಹುಡುಗ ಒಂದೆರಡು ಪ್ರಶ್ನೆ ಕೇಳಿದ. ಕಾಫಿ ಕುಡಿದು ಹೊರಟರು.

ಅವರಿಂದ ಇನ್ನೂ ಉತ್ತರ ಬಂದಿಲ್ಲ. ನಾಲ್ಕು ಭಾನುವಾರಗಳಾದವು.